ಬಂಡೆಯ ಪದರಗಳ ಕಾಲ ಹೇಳುವ ಸೂಕ್ಷ್ಮ ಪಳೆಯುಳಿಕೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಅಂಕಣದಲ್ಲಿ, ಎವರೆಸ್ಟ್ ಶಿಖರದ ನೆತ್ತಿಯ ಮೇಲಿರುವ ಸುಣ್ಣಕಲ್ಲು ಆರ್ಡೋವಿಷಿಯನ್ ಕಾಲದ ಕಡಲಿನ ತಳದಲ್ಲಿ ಉಂಟಾದದ್ದೆಂದೂ ಅದರಲ್ಲಿ ಟ್ರೈಲೊಬೈಟ್, ಕ್ರಿನಾಯ್ಡ್ ಮುಂತಾದ ಕಡಲ ಜೀವಿಗಳ ಚೂರುಗಳು ಸಿಕ್ಕಿವೆಯೆಂದೂ ಬರೆದಿದ್ದೆವು. ಅದನ್ನು ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರು ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ಮುಂದಿಟ್ಟಿದ್ದಾರೆ. ನಲವತ್ತು ಕೋಟಿ ವರ್ಷಗಳಿಗೂ ಹಿಂದಿನ ಒಂದು ಪದರ ಇಂಥದೇ ಕಾಲದ್ದು ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ಇದಕ್ಕೆ ಉತ್ತರ ಬಹುಮಟ್ಟಿಗೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಪಳೆಯುಳಿಕೆಗಳಲ್ಲಿ ಇರುವುದರಿಂದ, ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬಂಡೆಯ ವಯಸ್ಸನ್ನು ಅದರೊಳಗಿನ ಪಳೆಯುಳಿಕೆಯಿಂದ ಹೇಳುತ್ತೀರಿ, ಪಳೆಯುಳಿಕೆಯ ವಯಸ್ಸನ್ನು ಅದು ಸಿಕ್ಕ ಬಂಡೆಯಿಂದ ಹೇಳುತ್ತೀರಿ. ಇದು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವ ವಾದವಲ್ಲವೇ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಈ ಆಕ್ಷೇಪ ಹಳೆಯದು, ಆದರೆ ಅದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಎತ್ತಲೇಬೇಕು. ಕ್ರಮ ಬೇರೆ, ವಯಸ್ಸು ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ತೊಡಕು ಸಡಿಲವಾಗುತ್ತದೆ. ಪದರದ ಮೇಲೆ ಪದರ ಕೂತಿರುವ ಒಂದು ಬಂಡೆಯ ಮುಖದಲ್ಲಿ, ಅದು ಮಡಚಿಕೊಂಡ ಅಥವಾ ತಲೆಕೆಳಗಾದ ಗುರುತುಗಳಿಲ್ಲದಿದ್ದರೆ, ಕೆಳಗಿನದು ಮೊದಲು ಉಂಟಾಯಿತು, ಮೇಲಿನದು ಆಮೇಲೆ ಉಂಟಾಯಿತು ಎಂದು ಹೇಳಲು ಯಾವ ಪಳೆಯುಳಿಕೆಯ ಸಾಕ್ಷ್ಯವೂ ಬೇಡ. ಆ ಪದರಗಳಲ್ಲಿ ಯಾವ ಜೀವಿ ಎಷ್ಟು ಎತ್ತರದಲ್ಲಿ ಮೊದಲು ಕಾಣಿಸಿಕೊಂಡಿತು, ಎಷ್ಟು ಎತ್ತರದಲ್ಲಿ ಕೊನೆಯ ಬಾರಿ ಸಿಕ್ಕಿತು ಎಂಬುದನ್ನು ಅಳತೆಪಟ್ಟಿ ಹಿಡಿದು ಬರೆದುಕೊಂಡರೆ ಒಂದು ಸ್ಥಳದ ಅನುಕ್ರಮ ದೊರೆಯುತ್ತದೆ. ನೂರಾರು ಮೈಲಿ ದೂರದ ಇನ್ನೊಂದು ಸ್ಥಳದಲ್ಲಿಯೂ ಅದೇ ಜೀವಿಗಳು ಅದೇ ಅನುಕ್ರಮದಲ್ಲಿ ಸಿಕ್ಕರೆ, ಮೂರನೆಯ, ನಾಲ್ಕನೆಯ ಸ್ಥಳದಲ್ಲೂ ಹಾಗೆಯೇ ಆದರೆ, ಆ ಅನುಕ್ರಮವನ್ನು ಆಕಸ್ಮಿಕವೆಂದು ತಳ್ಳಿಹಾಕಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಕಾಲುವೆಗಳ ಮೋಜಣಿ ಮಾಡುತ್ತಿದ್ದ ವಿಲಿಯಂ ಸ್ಮಿತ್ ಪದರಗಳನ್ನು ಅವುಗಳ ಪಳೆಯುಳಿಕೆಗಳಿಂದ ಗುರುತಿಸುವ ಕ್ರಮವನ್ನು ಬಳಸಿ 1815ರಲ್ಲಿ ತನ್ನ ದೊಡ್ಡ ಭೂಪಟವನ್ನು ಪ್ರಕಟಿಸಿದಾಗ ಡಾರ್ವಿನ್ನನ ವಿಕಾಸವಾದ ಇನ್ನೂ ಹುಟ್ಟಿರಲಿಲ್ಲ. ಆ ಕ್ರಮ ಯಾವ ಸಿದ್ಧಾಂತದಿಂದಲೂ ಹೊರಟದ್ದಲ್ಲ, ಕಂಡದ್ದನ್ನು ಅಳೆದು ಬರೆದಿಟ್ಟದ್ದು.

ಈ ಕ್ರಮದ ಬಲ ಎಷ್ಟೆಂಬುದಕ್ಕೆ ಆರ್ಡೋವಿಷಿಯನ್ ಕಾಲಖಂಡಕ್ಕೆ ಹೆಸರಿಟ್ಟ ಚಾರ್ಲ್ಸ್ ಲ್ಯಾಪ್‌ವರ್ತ್ ಮಾಡಿದ ಕೆಲಸವೇ ಒಳ್ಳೆಯ ನಿದರ್ಶನ. ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್ ಊರಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರು ಹತ್ತಿರದ ಬೆಟ್ಟಗಳ ಕಪ್ಪು ಜೇಡಿಶಿಲೆಯಲ್ಲಿ ಸಿಗುವ ಗ್ರಾಪ್ಟೊಲೈಟ್‌ಗಳನ್ನು, ಅಂದರೆ ಪೆನ್ಸಿಲಿನಿಂದ ಗೀಚಿದ ಸಣ್ಣ ಗರಗಸದ ಹಾಗೆ ಕಾಣುವ, ತೇಲುತ್ತ ಬದುಕುತ್ತಿದ್ದ ಜೀವಿಗುಂಪುಗಳ ಅಚ್ಚುಗಳನ್ನು, ಪದರ ಪದರವಾಗಿ ಸಂಗ್ರಹಿಸಿದರು. ಬಹಳ ದಪ್ಪವಾದ ಒಂದೇ ಶ್ರೇಣಿಯೆಂದು ಹಿಂದಿನವರು ನಂಬಿದ್ದ ಬಂಡೆಗಳಲ್ಲಿ ಒಂದೇ ಗ್ರಾಪ್ಟೊಲೈಟ್ ಅನುಕ್ರಮ ಮತ್ತೆ ಮತ್ತೆ ಮರುಕಳಿಸುವುದನ್ನು ಕಂಡ ಅವರು, ತೆಳುವಾದ ಶ್ರೇಣಿಯೊಂದು ಮಡಿಕೆ ಮಡಿಕೆಯಾಗಿ ಮುದುಡಿ ದಪ್ಪವಾಗಿ ತೋರುತ್ತಿದೆಯೆಂದು 1878ರಲ್ಲಿ ತೋರಿಸಿಕೊಟ್ಟರು. ಭೂವಿಜ್ಞಾನಿ ಆಡಮ್ ಸೆಜ್‌ವಿಕ್ ತಾನು ಹೆಸರಿಟ್ಟ ಕೇಂಬ್ರಿಯನ್ ಕಾಲದವೆಂದೂ, ಇನ್ನೊಬ್ಬ ಭೂವಿಜ್ಞಾನಿ ರೊಡರಿಕ್ ಮರ್ಚಿಸನ್ ತಾನು ಹೆಸರಿಟ್ಟ, ಅದರ ನಂತರದ ಸೈಲೂರಿಯನ್ ಕಾಲದವೆಂದೂ ಹಕ್ಕು ಸಾಧಿಸುತ್ತಿದ್ದ ನಡುವಿನ ಪದರಗಳಿಗೆ ಮರುವರ್ಷ, 1879ರಲ್ಲಿ, ವೇಲ್ಸ್‌ನ ಪುರಾತನ ಬುಡಕಟ್ಟೊಂದರ ಹೆಸರಿನಿಂದ ಆರ್ಡೋವಿಷಿಯನ್ ಎಂಬ ಪ್ರತ್ಯೇಕ ಸ್ಥಾನವನ್ನು ಕೊಟ್ಟವರೂ ಅವರೇ.

ಇವರಾರಿಗೂ ಆ ಪದರಗಳಿಗೆ ಎಷ್ಟು ವರ್ಷವಾಯಿತೆಂಬುದು ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ವರ್ಷಗಳ ಲೆಕ್ಕ ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ದಾರಿಯಿಂದ ಬಂತು. ಜ್ವಾಲಾಮುಖಿಯ ಬೂದಿ ಕಡಲ ತಳಕ್ಕೆ ಇಳಿದು ಪದರಗಳ ನಡುವೆ ತೆಳುವಾಗಿ ಕೂತಿರುತ್ತದೆ. ಆ ಬೂದಿಯಲ್ಲಿರುವ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಭಾಗ ಸೀಸವಾಗಿ ಮಾರ್ಪಟ್ಟಿದೆ ಎಂಬುದನ್ನು ಅಳೆದು ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಹೀಗೆ ಬಂದ ಸಂಖ್ಯೆಗಳು ಪಳೆಯುಳಿಕೆಗಳು ಮೊದಲೇ ಹೇಳಿದ್ದ ಕ್ರಮದೊಂದಿಗೆ ಹೊಂದಿಕೊಂಡವು. ಈಗಿನ ಲೆಕ್ಕದಂತೆ ಆರ್ಡೋವಿಷಿಯನ್ ಕಾಲ ಸುಮಾರು 48.5 ಕೋಟಿ ವರ್ಷಗಳ ಹಿಂದೆ ಆರಂಭವಾಗಿ ಸುಮಾರು 44.4 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಪದರಗಳ ಕ್ರಮಕ್ಕೂ ಹರಳಿನ ವಯಸ್ಸಿಗೂ ಸಾಕ್ಷ್ಯಗಳು ಬೇರೆ ಬೇರೆಯಾಗಿರುವುದರಿಂದ ನೀವು ಹೇಳುವ ಸುತ್ತು ಇಲ್ಲಿ ಇಲ್ಲ.

ಪ್ರಶ್ನೆ: ಆರ್ಡೋವಿಷಿಯನ್ ಬಂಡೆಗಳ ವಿಷಯ ಬಂದಾಗಲೆಲ್ಲ ಕೊನೊಡಾಂಟ್ ಎಂಬ ಹೆಸರು ಬರುತ್ತದೆ. ಅದು ಯಾವ ಪ್ರಾಣಿ? ಅದನ್ನೇ ಏಕೆ ಅಷ್ಟು ನಂಬುತ್ತಾರೆ?
— ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ, ಮೈಸೂರು

ಉತ್ತರ: ಕೊನೊಡಾಂಟ್ ಎಂದು ನಾವು ಕೈಯಲ್ಲಿ ಹಿಡಿಯುವುದು ಪ್ರಾಣಿಯನ್ನಲ್ಲ, ಅದರ ಬಾಯೊಳಗಿನ ಹಲ್ಲಿನಂಥ ಭಾಗವನ್ನು. ಅವು ಸಾಮಾನ್ಯವಾಗಿ 0.2ರಿಂದ 2 ಮಿಲಿಮೀಟರ್ ಉದ್ದವಿರುತ್ತವೆ. ನಮ್ಮ ಹಲ್ಲು ಮೂಳೆಗಳಂತೆ ಕ್ಯಾಲ್ಸಿಯಂ ಫಾಸ್ಫೇಟಿನಿಂದ ಆಗಿರುತ್ತವೆ. ಬಾಲ್ಟಿಕ್ ಪ್ರದೇಶದ ಬಂಡೆಗಳಲ್ಲಿ ಇವನ್ನು ಕಂಡ ಕ್ರಿಸ್ಟಿಯನ್ ಪಾಂಡರ್ 1856ರಲ್ಲಿ ಮೀನಿನ ಹಲ್ಲುಗಳೆಂದು ತಿಳಿದು ವರ್ಣಿಸಿದರು. ಅಲ್ಲಿಂದ ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ, ಇವುಗಳ ಒಡೆಯ ಯಾರೆಂಬುದು ತಿಳಿಯದೆಯೇ ಭೂವಿಜ್ಞಾನಿಗಳು ಇವನ್ನು ಬಳಸುತ್ತ ಬಂದರು. ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಗ್ರ್ಯಾಂಟನ್ನಿನ ಬಂಡೆಯೊಂದರಲ್ಲಿ ಮೆದು ದೇಹದ ಅಚ್ಚಿನ ಸಮೇತ ಸಿಕ್ಕ ಪ್ರಾಣಿಯನ್ನು 1983ರಲ್ಲಿ ಬ್ರಿಗ್ಸ್, ಕ್ಲಾರ್ಕ್‌ಸನ್, ಆಲ್ಡ್ರಿಜ್ ಎಂಬ ಮೂವರು ವಿಜ್ಞಾನಿಗಳು ವರ್ಣಿಸಿದ ಮೇಲೆ ಒಡೆಯನ ರೂಪ ತಿಳಿಯಿತು: ಹಾವುಮೀನಿನಂತೆ ಉದ್ದವಾದ, ದೊಡ್ಡ ಕಣ್ಣುಗಳ, ಬೆನ್ನುದಂಡದ ಪೂರ್ವರೂಪವನ್ನು ಹೊಂದಿದ ಪುಟ್ಟ ಈಜುಜೀವಿ ಅದು. ಗ್ರ್ಯಾಂಟನ್ನಿನ ಬಂಡೆ ಆರ್ಡೋವಿಷಿಯನ್‌ಗಿಂತ ಬಹಳ ತಡವಾದದ್ದು. ಆದರೆ ಆರ್ಡೋವಿಷಿಯನ್ ಕೊನೆಯ ಕಾಲದ ದಕ್ಷಿಣ ಆಫ್ರಿಕದ ಸೂಮ್ ಜೇಡಿಶಿಲೆಯಲ್ಲಿಯೂ ಪ್ರೊಮಿಸಮ್ ಎಂಬ ದೊಡ್ಡ ಕೊನೊಡಾಂಟ್ ಪ್ರಾಣಿ ಕಣ್ಣಿನ, ಸ್ನಾಯುವಿನ ಗುರುತುಗಳೊಡನೆ ಸಿಕ್ಕಿದೆ. ಮೊದಲು ಅದನ್ನು ನೆಲದ ಮೇಲಿನ ಆದಿಸಸ್ಯವೆಂದೇ ಭಾವಿಸಲಾಗಿತ್ತು. ಕೊನೊಡಾಂಟ್‌ಗಳು ಪೂರ್ತಿ ಕಶೇರುಕಗಳೋ ಅಥವಾ ಅವುಗಳ ಹೊಸ್ತಿಲಲ್ಲಿ ನಿಂತ ಜೀವಿಗಳೋ ಎಂಬ ಚರ್ಚೆ ಇನ್ನೂ ನಡೆದಿದೆ.

ವರ್ಗೀಕರಣದ ವಿಷಯದಲ್ಲಿ ಇವು ಒಡ್ಡಿದ ತೊಡಕನ್ನು ಜೀವಶಾಸ್ತ್ರ ಓದಿದ ನೀವು ಚೆನ್ನಾಗಿ ಬಲ್ಲಿರಿ. ಒಂದೇ ಪ್ರಾಣಿಯ ಬಾಯಲ್ಲಿ ಸಾಮಾನ್ಯವಾಗಿ ಹದಿನೈದರಷ್ಟು ಭಾಗಗಳಿದ್ದವು, ಮತ್ತು ಅವು ಒಂದರಂತೆ ಒಂದಿರಲಿಲ್ಲ. ಪ್ರಾಣಿ ಸತ್ತ ಮೇಲೆ ಅವು ಚೆದುರಿ ಬಿಡಿಬಿಡಿಯಾಗಿ ಸಿಗುತ್ತಿದ್ದುದರಿಂದ, ಹಿಂದಿನವರು ಒಂದೊಂದು ಆಕಾರಕ್ಕೂ ಒಂದೊಂದು ಪ್ರಭೇದದ ಹೆಸರಿಟ್ಟರು. ಒಂದೇ ನಾಯಿಯ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲುಗಳಿಗೆ ಮೂರು ಪ್ರಾಣಿಗಳ ಹೆಸರು ಕೊಟ್ಟಂತೆ. 1934ರಲ್ಲಿ ಜರ್ಮನಿಯಲ್ಲಿ ಹರ್ಮನ್ ಶ್ಮಿಟ್ ಅವರೂ ಅಮೆರಿಕದಲ್ಲಿ ಹೆರಾಲ್ಡ್ ಸ್ಕಾಟ್ ಅವರೂ, ಭಾಗಗಳು ಬಾಯಲ್ಲಿದ್ದ ಜೋಡಣೆಯಲ್ಲೇ ಉಳಿದುಕೊಂಡಿದ್ದ ಮಾದರಿಗಳನ್ನು ಪ್ರಕಟಿಸಿದರು. ಹಾಗಿದ್ದರೂ ಹಳೆಯ ಹೆಸರಿಡುವ ಪದ್ಧತಿ ಬೇಗ ಬಿಟ್ಟುಹೋಗಲಿಲ್ಲ. 1960ರ ದಶಕದಿಂದೀಚೆಗೆ ವಾಲ್ಟರ್ ಸ್ವೀಟ್ ಮತ್ತು ಸ್ಟಿಗ್ ಬರ್ಗ್‌ಸ್ಟ್ರೋಮ್ ಮುಂತಾದವರು, ಮಾದರಿಯಿಂದ ಮಾದರಿಗೆ ಯಾವ ಯಾವ ಆಕಾರಗಳು ಒಂದೇ ಪ್ರಮಾಣದಲ್ಲಿ ಜೊತೆಜೊತೆಯಾಗಿ ಸಿಗುತ್ತವೆ ಎಂಬುದನ್ನು ಎಣಿಸಿ, ಒಂದು ಪ್ರಾಣಿಗೆ ಸೇರಿದ್ದನ್ನೆಲ್ಲ ಒಂದೇ ಹೆಸರಿನ ಕೆಳಗೆ ತಂದರು. ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ಅತಿ ಮುಖ್ಯ ತಿರುವು ಇದೇ. ಪ್ರಭೇದವನ್ನೇ ತಪ್ಪಾಗಿ ಗುರುತಿಸಿದರೆ ಅದನ್ನು ನಂಬಿ ತಾಳೆ ಹಾಕಿದ ಪದರಗಳೆಲ್ಲ ತಪ್ಪುತ್ತವೆ.

ಇವನ್ನು ನಂಬಲು ಕಾರಣಗಳು ಹಲವು. ಅವು ಕಡಲಿನಲ್ಲಿ ಈಜಿಕೊಂಡು ದೂರ ದೂರಕ್ಕೆ ಹರಡಿದವು. ಬೇಗ ಬೇಗ ರೂಪ ಬದಲಿಸಿದವು. ಗಟ್ಟಿಯಾದ ಫಾಸ್ಫೇಟಿನಿಂದಾಗಿ ಚೆನ್ನಾಗಿ ಉಳಿದವು. ಮತ್ತು ಎಷ್ಟು ಚಿಕ್ಕವೆಂದರೆ ಒಂದು ಕಿಲೋ ಸುಣ್ಣಕಲ್ಲಿನಲ್ಲಿ, ಅದೃಷ್ಟವಿದ್ದರೆ, ನೂರಾರು ದೊರೆಯುತ್ತವೆ. ತೈಲಕ್ಕಾಗಿ ಕೊರೆದ ಬಾವಿಯಿಂದ ಮೇಲೆ ಬಂದ ಕೈಬೆರಳಷ್ಟು ಕಲ್ಲಿನಲ್ಲಿ ಒಂದು ಪೂರ್ತಿ ಟ್ರೈಲೊಬೈಟ್ ಸಿಗುವ ಸಂಭವ ಬಹಳ ಕಡಿಮೆ, ಕೊನೊಡಾಂಟ್ ಸಿಗುವ ಸಂಭವ ಅದಕ್ಕಿಂತ ಎಷ್ಟೋ ಹೆಚ್ಚು. ಸೂಕ್ಷ್ಮ ಪಳೆಯುಳಿಕೆಗಳಿಗೆ ಇಷ್ಟು ಬೆಲೆ ಬಂದದ್ದು ಮುಖ್ಯವಾಗಿ ಇದರಿಂದ.

ಪ್ರಶ್ನೆ: ಕಲ್ಲಿನೊಳಗೆ ಹುದುಗಿರುವ ಅಷ್ಟು ಚಿಕ್ಕ ವಸ್ತುವನ್ನು ಮುರಿಯದೆ ಹೊರತೆಗೆಯುವುದು ಹೇಗೆ? ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸಾಧ್ಯವೇ?
— ಭೂವಿಜ್ಞಾನ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಸುಣ್ಣಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಕೊನೊಡಾಂಟ್ ಕ್ಯಾಲ್ಸಿಯಂ ಫಾಸ್ಫೇಟ್. ಮೊದಲನೆಯದನ್ನು ಕರಗಿಸಿ ಎರಡನೆಯದನ್ನು ಉಳಿಸುವ ಆಮ್ಲ ಬೇಕು. ಆದ್ದರಿಂದ ಪ್ರಬಲ ಆಮ್ಲಗಳನ್ನು ಬಿಟ್ಟು, ಸುಮಾರು ಶೇ 10ರ ಅಸಿಟಿಕ್ ಆಮ್ಲವನ್ನೋ ಫಾರ್ಮಿಕ್ ಆಮ್ಲವನ್ನೋ ಬಳಸುತ್ತಾರೆ. ಕೆಲವು ಕಿಲೋ ಕಲ್ಲನ್ನು ಚಿಕ್ಕ ಚೂರುಗಳಾಗಿ ಒಡೆದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಹಾಕಿ, ಹಿಂದಿನ ಬಾರಿ ಬಳಸಿ ಉಳಿದ ದ್ರಾವಣದ ಒಂದು ಪಾಲನ್ನು ಹೊಸ ಆಮ್ಲಕ್ಕೆ ಬೆರೆಸುತ್ತಾರೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಲವಣ ಆಮ್ಲದ ಉಗ್ರತೆಯನ್ನು ಹಿಡಿತದಲ್ಲಿಡುತ್ತದೆ. ಈ ಎಚ್ಚರ ತಪ್ಪಿದರೆ ಕೊನೊಡಾಂಟ್‌ಗಳ ಮೈ ಸವೆದು, ಪ್ರಭೇದವನ್ನು ಗುರುತಿಸಲು ಬೇಕಾದ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ. ಕರಗದೆ ತಳದಲ್ಲಿ ಉಳಿದ ಮಡ್ಡಿಯನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರಿನಿಂದ ತೊಳೆದು ಒಣಗಿಸಿ, ಸೋಡಿಯಂ ಪಾಲಿಟಂಗ್‌ಸ್ಟೇಟ್‌ನಂಥ ಭಾರದ ದ್ರವದಲ್ಲಿ ಹಾಕಿದರೆ ಹಗುರವಾದ ಮರಳು ತೇಲುತ್ತದೆ, ಭಾರದ ಕೊನೊಡಾಂಟ್ ಮುಳುಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕೂತು, ಒದ್ದೆ ಮಾಡಿದ ಅತಿ ಸಣ್ಣ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿಕೊಳ್ಳಬೇಕು. ಹೊಗೆ ಎಳೆಯುವ ಕಪಾಟು, ಜರಡಿಗಳು, ಒಂದು ಒಳ್ಳೆಯ ಸೂಕ್ಷ್ಮದರ್ಶಕ ಇರುವ ಕಾಲೇಜಿನಲ್ಲಿ ಇದು ಖಂಡಿತ ಸಾಧ್ಯ. ಬೇಕಾಗುವುದು ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ತಾಳ್ಮೆ.

ಕೈಟಿನೊಜೋವನ್ ಮತ್ತು ಅಕ್ರಿಟಾರ್ಕ್ ಎಂಬ, ಮೂಲ ಖಚಿತವಾಗಿ ತಿಳಿಯದ ಸೂಕ್ಷ್ಮ ಪಳೆಯುಳಿಕೆಗಳ ಮಾತು ಬೇರೆ. ಅವುಗಳ ಗೋಡೆ ಸಾವಯವ ವಸ್ತುವಿನದು. ಜೇಡಿಶಿಲೆಯಿಂದ ಅವನ್ನು ಬಿಡಿಸಲು ಸಿಲಿಕಾವನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೇ ಅಪಾಯ ತರಬಲ್ಲ ಆಮ್ಲ. ಅದಕ್ಕೆಂದೇ ಸಜ್ಜಾದ ಪ್ರಯೋಗಾಲಯ ಮತ್ತು ತರಬೇತಿ ಪಡೆದ ಸಿಬ್ಬಂದಿ ಇಲ್ಲದ ಕಡೆ ವಿದ್ಯಾರ್ಥಿಗಳ ಕೈಗೆ ಅದನ್ನು ಕೊಡಲೇಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಕಡೆ ಮನೆಗಳಿಗೆಲ್ಲ ಹಾಸುವ ಶಹಾಬಾದ್ ಕಲ್ಲು ಕೂಡ ಸುಣ್ಣಕಲ್ಲೇ. ಅದನ್ನು ಕರಗಿಸಿದರೆ ಕೊನೊಡಾಂಟ್ ಸಿಗುತ್ತವೆಯೇ?
— ಪ್ರೌಢಶಾಲಾ ಶಿಕ್ಷಕಿ, ಕಲಬುರಗಿ

ಉತ್ತರ: ಸಿಗುವುದಿಲ್ಲ. ಭೀಮಾ ಜಲಾನಯನದ ಸುಣ್ಣಕಲ್ಲುಗಳೂ ಬಾಗಲಕೋಟೆ ಕಡೆಯ ಕಲಾದಗಿ ಶ್ರೇಣಿಯ ಬಂಡೆಗಳೂ ಪ್ರೊಟೆರೊಜೊಯಿಕ್ ಕಾಲದವು, ಅಂದರೆ ಕೇಂಬ್ರಿಯನ್‌ಗಿಂತಲೂ ಹಿಂದಿನವು. ಹಲ್ಲು, ಚಿಪ್ಪುಗಳಿರುವ ಪ್ರಾಣಿಗಳ ಕಾಲ ಆಗ ಇನ್ನೂ ಬಂದಿರಲಿಲ್ಲ. ಕಲಾದಗಿಯ ಸುಣ್ಣಶಿಲೆಗಳಲ್ಲಿ ಕಾಣುವ ಸ್ಟ್ರೊಮ್ಯಾಟೊಲೈಟ್‌ಗಳು ಸೂಕ್ಷ್ಮಾಣುಗಳ ಚಾಪೆಗಳು ಪದರ ಪದರವಾಗಿ ಬೆಳೆದು ಉಳಿಸಿದ ರಚನೆಗಳು. ಕರ್ನಾಟಕದಲ್ಲಿ ಆರ್ಡೋವಿಷಿಯನ್ ಕಾಲದ ಕಡಲ ಪದರಗಳು ಇಲ್ಲವೇ ಇಲ್ಲ. ಪುರಾತನ ನೈಸ್ ಮತ್ತು ಧಾರವಾಡ ಶಿಲೆಗಳು, ಆ ಮೇಲೆ ಕಲಾದಗಿ ಮತ್ತು ಭೀಮಾ, ಅನಂತರ ಬಹು ದೀರ್ಘ ಅಂತರವನ್ನು ದಾಟಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ, ಹೀಗೆ ನಮ್ಮ ಉತ್ತರ ಜಿಲ್ಲೆಗಳ ನೆಲ ಒಂದರ ಮೇಲೊಂದು ಕೂತಿದೆ. ಒಂದು ಸುಣ್ಣಕಲ್ಲನ್ನು ಕರಗಿಸಿ ಏನೂ ಸಿಗಲಿಲ್ಲವೆಂದರೆ ಅದು ಆರ್ಡೋವಿಷಿಯನ್ ಅಲ್ಲವೆಂದು ಅಷ್ಟರಿಂದಲೇ ತೀರ್ಮಾನವಾಗುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಿ. ಶಹಾಬಾದ್ ಕಲ್ಲಿನ ವಿಷಯದಲ್ಲಿ ಆ ತೀರ್ಮಾನಕ್ಕೆ ಬೇರೆ ಸಾಕ್ಷ್ಯಗಳಿವೆ.

ಪ್ರಶ್ನೆ: ಇಂದಿನ ಕಡಲುಗಳಲ್ಲಿ ಉಷ್ಣವಲಯದ ಮೀನು ಬೇರೆ, ಧ್ರುವದ ಮೀನು ಬೇರೆ. ಹಾಗಿದ್ದ ಮೇಲೆ ಸ್ವೀಡನ್ನಿನ ಪದರವನ್ನು ಚೀನಾದ ಅಥವಾ ಅಮೆರಿಕದ ಪದರದೊಂದಿಗೆ ಪಳೆಯುಳಿಕೆಗಳಿಂದ ಹೇಗೆ ತಾಳೆ ಹಾಕುತ್ತೀರಿ?
— ಎಂಜಿನಿಯರ್, ಬೆಂಗಳೂರು

ಉತ್ತರ: ನೀವು ಹೇಳಿದ್ದು ಆರ್ಡೋವಿಷಿಯನ್ ಸ್ತರಶಾಸ್ತ್ರದ, ಅಂದರೆ ಪದರಗಳ ಕ್ರಮವನ್ನು ಓದುವ ಶಾಸ್ತ್ರದ, ನಿಜವಾದ ಕಷ್ಟ. ಆಗ ಉತ್ತರ ಅಮೆರಿಕದ ಬಹುಭಾಗವನ್ನು ಒಳಗೊಂಡ ಲಾರೆನ್ಷಿಯಾ ಸಮಭಾಜಕದ ಹತ್ತಿರವಿತ್ತು. ಬಾಲ್ಟಿಕ್ ಪ್ರದೇಶದ ಭೂಖಂಡ ದಕ್ಷಿಣದ ತಂಪು ಕಡಲಿನಲ್ಲಿತ್ತು. ಅವೆರಡರ ನಡುವೆ ಐಯಪಿಟಸ್ ಎಂಬ ಸಾಗರವಿತ್ತು. ಆಫ್ರಿಕ, ಭಾರತ ಮೊದಲಾದವು ಗೊಂಡ್ವಾನ ಎಂಬ ಮಹಾಭೂಖಂಡದ ಭಾಗವಾಗಿದ್ದವು. ಲಾರೆನ್ಷಿಯಾದ ಬೆಚ್ಚಗಿನ, ಆಳವಿಲ್ಲದ ಕಡಲಿನ ಕೊನೊಡಾಂಟ್‌ಗಳೂ ಬಾಲ್ಟಿಕ್ ಕಡೆಯ ತಂಪು ಕಡಲಿನ ಕೊನೊಡಾಂಟ್‌ಗಳೂ ಎಷ್ಟು ಬೇರೆಯೆಂದರೆ, ಎರಡು ಪ್ರಾಂತಗಳಿಗೂ ಎರಡು ಪ್ರತ್ಯೇಕ ವಲಯಪಟ್ಟಿಗಳನ್ನೇ ಮಾಡಬೇಕಾಯಿತು. ವಲಯ ಎಂದರೆ ಇಂಥ ಪ್ರಭೇದ ಮೊದಲು ಕಾಣಿಸಿಕೊಂಡ ಮಟ್ಟದಿಂದ ಮುಂದಿನ ಸೂಚಕ ಪ್ರಭೇದ ಕಾಣಿಸಿಕೊಳ್ಳುವ ಮಟ್ಟದವರೆಗಿನ ಪದರಗಳು. ಬರ್ಗ್‌ಸ್ಟ್ರೋಮ್ 1971ರಲ್ಲಿ ಉತ್ತರ ಅಟ್ಲಾಂಟಿಕ್ ಪ್ರಾಂತಕ್ಕೆ ಕೊಟ್ಟ ಪಟ್ಟಿಯಲ್ಲಿ ಪೈಗೋಡಸ್ ಸೆರ್ರಾ, ಅದರ ಮೇಲೆ ಪೈಗೋಡಸ್ ಆನ್ಸೆರಿನಸ್, ಅದರ ಮೇಲೆ ಅಮಾರ್ಫೊಗ್ನಾಥಸ್ ಕುಲದ ಮೂರು ಪ್ರಭೇದಗಳು ಒಂದಾದ ಮೇಲೊಂದು ಬರುತ್ತವೆ. ಎರಡು ಪ್ರಾಂತಗಳನ್ನು ಬೆಸೆಯಲು, ಭೂಖಂಡದ ಅಂಚಿನಲ್ಲಿ ಎರಡೂ ಬಗೆಯ ಜೀವಿಗಳು ಬೆರೆತು ಬಿದ್ದ ಪದರಗಳನ್ನು ಹುಡುಕಬೇಕು. ಆಳದ, ತಂಪಾದ ನೀರನ್ನು ಬಯಸಿದ ಪೈಗೋಡಸ್ ಸ್ವೀಡನ್ನಿನಲ್ಲೂ ಚೀನಾದಲ್ಲೂ ಉತ್ತರ ಅಮೆರಿಕದ ಅಂಚಿನಲ್ಲೂ ಸಿಗುವುದರಿಂದ ಅಂಥ ಬೆಸುಗೆಗೆ ಬಹಳ ನೆರವಾಗಿದೆ.

ಇನ್ನೊಂದು ಅಡ್ಡಿ ಬಂಡೆಯ ಬಗೆಯದು. ಕೊನೊಡಾಂಟ್‌ಗಳು ಹೆಚ್ಚಾಗಿ ಸುಣ್ಣಕಲ್ಲಿನಿಂದ ಬರುತ್ತವೆ, ಗ್ರಾಪ್ಟೊಲೈಟ್‌ಗಳು ಆಳಕಡಲಿನ ಕಪ್ಪು ಜೇಡಿಶಿಲೆಯಿಂದ. ಒಂದು ಸಿಕ್ಕಲ್ಲಿ ಇನ್ನೊಂದು ಸಿಗದಿರುವುದೇ ಹೆಚ್ಚು. ಎರಡೂ ಬಂಡೆಗಳಲ್ಲಿ ಸಿಗಬಲ್ಲ ಕೈಟಿನೊಜೋವನ್‌ಗಳು ಇಲ್ಲಿ ಬಹಳ ಸಹಾಯಕ್ಕೆ ಬರುತ್ತವೆ. ಸೀಸೆ, ಹೂಜಿಗಳ ಆಕಾರದ ಈ ಸಾವಯವ ಕೋಶಗಳನ್ನು ಆಲ್ಫ್ರೆಡ್ ಐಸೆನಾಕ್ 1931ರಲ್ಲಿ ಬಾಲ್ಟಿಕ್ ಪ್ರದೇಶದ ಕಲ್ಲುಗಳಿಂದ ವರ್ಣಿಸಿದರು. ಇವು ಆರ್ಡೋವಿಷಿಯನ್‌ನಲ್ಲಿ ಕಾಣಿಸಿಕೊಂಡು, ಸೈಲೂರಿಯನ್ ನಂತರದ ಡೆವೋನಿಯನ್ ಕಾಲದ ಕೊನೆಗೆ ಮರೆಯಾದವು. ಯಾವುದೋ ಕಡಲ ಪ್ರಾಣಿಯ ಮೊಟ್ಟೆಗಳಿರಬೇಕೆಂದು ಹಲವರು ನಂಬಿದ್ದರು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳ ಗಾತ್ರ, ಆಕಾರಗಳ ಏರುಪೇರನ್ನು ಅಳೆದು, ಒಂದೊಂದೂ ಪ್ರತ್ಯೇಕ ಸೂಕ್ಷ್ಮಜೀವಿಯೇ ಆಗಿದ್ದಿರಬಹುದೆಂದು ವಾದಿಸಿದೆ. ಮೂಲ ಯಾವುದೆಂದು ಗೊತ್ತಿಲ್ಲದ ಜೀವಿ ಕಾಲಸೂಚಕವಾಗಿ ಕೆಲಸ ಮಾಡಲು ಅಡ್ಡಿಯಿಲ್ಲ. ಅದು ಯಾವ ಮಟ್ಟದಲ್ಲಿ ಬಂತು, ಯಾವ ಮಟ್ಟದಲ್ಲಿ ಹೋಯಿತು ಎಂಬುದು ತಿಳಿದಿದ್ದರೆ ಸಾಕು.

ಎರಡು ಸ್ಥಳಗಳ ಅಳತೆಗಳನ್ನು ಹೋಲಿಸಲು ಅಲನ್ ಶಾ ಎಂಬ ಅಮೆರಿಕದ ಭೂವಿಜ್ಞಾನಿ 1964ರಲ್ಲಿ ಕೊಟ್ಟ ವಿಧಾನ ನಿಮ್ಮಂಥ ಎಂಜಿನಿಯರರಿಗೆ ಇಷ್ಟವಾದೀತು. ಒಂದು ಸ್ಥಳದ ಪದರಗಳ ಎತ್ತರವನ್ನು ಅಡ್ಡ ಅಕ್ಷದಲ್ಲೂ ಇನ್ನೊಂದರದನ್ನು ಲಂಬ ಅಕ್ಷದಲ್ಲೂ ಇಟ್ಟು, ಎರಡೂ ಕಡೆ ಸಿಕ್ಕ ಪ್ರತಿ ಪ್ರಭೇದದ ಮೊದಲ ಮತ್ತು ಕೊನೆಯ ಮಟ್ಟಗಳನ್ನು ಚುಕ್ಕೆಗಳಾಗಿ ಗುರುತಿಸಿದರೆ, ಆ ಚುಕ್ಕೆಗಳ ನಡುವೆ ಹಾಯುವ ರೇಖೆಯೇ ಎರಡು ಸ್ಥಳಗಳ ತಾಳೆ. ರೇಖೆಯ ಓರೆ ಒಂದು ಕಡೆ ಕೆಸರು ಎಷ್ಟು ಬೇಗ ಕೂಡಿತೆಂಬುದನ್ನು ತೋರಿಸುತ್ತದೆ. ರೇಖೆ ಒಂದೆಡೆ ಚಪ್ಪಟೆಯಾದರೆ ಅಲ್ಲಿ ಪದರಗಳು ಕಾಣೆಯಾಗಿವೆಯೆಂದು ಅನುಮಾನಿಸಬೇಕು. ರೇಖೆಯಿಂದ ಬಹಳ ದೂರ ಸಿಡಿದು ನಿಂತ ಚುಕ್ಕೆಗಳನ್ನು ಕೂಡಲೇ ಅಳಿಸಬಾರದು. ಆ ಪ್ರಭೇದ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಡವಾಗಿ ವಲಸೆ ಬಂದಿರಬಹುದು, ಅಥವಾ ಗಟ್ಟಿಯಾದ ಕೊನೊಡಾಂಟ್‌ಗಳು ಹಳೆಯ ಬಂಡೆಯಿಂದ ಸವೆದು ಬಂದು ಹೊಸ ಕೆಸರಿನಲ್ಲಿ ಮತ್ತೊಮ್ಮೆ ಹೂತಿರಬಹುದು. ಯಾವುದೇ ಒಂದು ಪ್ರಭೇದದ ಮೇಲೆ ಭಾರ ಹಾಕಬೇಡಿ, ಒಟ್ಟು ಸಮೂಹದ ಮೇಲೆ ಹಾಕಿ ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ಬೂದಿಯ ಪದರ ಸಿಕ್ಕರೆ ಎಲ್ಲ ಬಗೆಹರಿಯಿತೆಂದು ತಿಳಿಯುವುದೂ ಅವಸರವೇ. ಸ್ವೀಡನ್ನಿನ ಕಿನ್ನೆಕುಲ್ಲೆ ಬೆಟ್ಟದಲ್ಲಿ ಸುಮಾರು 2 ಮೀಟರ್ ದಪ್ಪವಿರುವ ಜ್ವಾಲಾಮುಖಿ ಬೂದಿಯ ಪದರವೂ ಅಮೆರಿಕದ ಪೂರ್ವ ಭಾಗದ ಮಿಲ್‌ಬ್ರಿಗ್ ಎಂಬ ಬೂದಿ ಪದರವೂ ಒಂದೇ ಮಹಾಸ್ಫೋಟದವೆಂದು 1992ರಲ್ಲಿ ಕೆಲವರು ವಾದಿಸಿದ್ದರು. ಸಾಗರದ ಎರಡು ದಡಗಳನ್ನು ಒಂದೇ ದಿನಕ್ಕೆ ಕಟ್ಟಿಹಾಕುವ ಆ ಕಲ್ಪನೆ ಬಹಳ ಆಕರ್ಷಕವಾಗಿತ್ತು. 2013ರಲ್ಲಿ ಪ್ರಕಟವಾದ ಜಿರ್ಕಾನ್ ವಯಸ್ಸುಗಳು ಕಿನ್ನೆಕುಲ್ಲೆಯ ಬೂದಿ ಮಿಲ್‌ಬ್ರಿಗ್‌ಗಿಂತ ಹತ್ತು ಲಕ್ಷ ವರ್ಷಗಳಿಗೂ ಹೆಚ್ಚು ಹಳೆಯದೆಂದು ತೋರಿಸಿದವು. ಪಳೆಯುಳಿಕೆ, ಬೂದಿ, ಇಂಗಾಲದ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಏರಿಳಿತ ಇವೆಲ್ಲವನ್ನೂ ಒಂದರ ಎದುರು ಒಂದನ್ನಿಟ್ಟು ನೋಡಿದಾಗ ಮಾತ್ರ ಇಂಥ ಆಕರ್ಷಕ ತಪ್ಪುಗಳು ಬೆಳಕಿಗೆ ಬರುತ್ತವೆ.

ಪ್ರಶ್ನೆ: ಒಂದು ಕಾಲಘಟ್ಟ ಇಲ್ಲಿಂದಲೇ ಆರಂಭವಾಗುತ್ತದೆ ಎಂದು ಯಾರು ತೀರ್ಮಾನಿಸುತ್ತಾರೆ? ಆ ತೀರ್ಮಾನ ತಪ್ಪಾದರೆ?
— ಓದುಗರು, ಮಂಗಳೂರು

ಉತ್ತರ: ಅಂತರರಾಷ್ಟ್ರೀಯ ಸ್ತರಶಾಸ್ತ್ರ ಆಯೋಗದ ಅಡಿಯಲ್ಲಿ ಆಯಾ ಕಾಲಖಂಡದ ಉಪಸಮಿತಿಗಳು ವರ್ಷಗಟ್ಟಲೆ ಚರ್ಚಿಸಿ, ಮತ ಹಾಕಿ, ಪ್ರಪಂಚದ ಒಂದೇ ಒಂದು ಬಂಡೆಯ ಮುಖದಲ್ಲಿ ಒಂದೇ ಒಂದು ಮಟ್ಟವನ್ನು ಆರಿಸುತ್ತವೆ. ಆರ್ಡೋವಿಷಿಯನ್ ಕಾಲದ ಏಳು ಹಂತಗಳಿಗೆ ಅಂಥ ಏಳು ಮಟ್ಟಗಳಿವೆ: ಎರಡು ಸ್ವೀಡನ್ನಿನಲ್ಲಿ, ಮೂರು ಚೀನಾದಲ್ಲಿ, ಒಂದು ಕೆನಡಾದಲ್ಲಿ, ಒಂದು ಅಮೆರಿಕದ ಒಕ್ಲಹೋಮದಲ್ಲಿ. ಇವುಗಳಲ್ಲಿ ಐದಕ್ಕೆ ಗ್ರಾಪ್ಟೊಲೈಟ್‌ಗಳೂ ಎರಡಕ್ಕೆ ಕೊನೊಡಾಂಟ್‌ಗಳೂ ಸೂಚಕಗಳು. ಚೀನಾದ ಹುಬೆ ಪ್ರಾಂತದ ಹ್ವಾಂಗ್‌ಹ್ವಾಚಾಂಗ್‌ನಲ್ಲಿ ಬಾಲ್ಟೊನಿಯೋಡಸ್ ಟ್ರಯಾಂಗ್ಯುಲಾರಿಸ್ ಎಂಬ ಕೊನೊಡಾಂಟ್ ಮೊದಲು ಕಾಣಿಸಿಕೊಂಡ ಮಟ್ಟವೇ ಡಾಪಿಂಗಿಯನ್ ಹಂತದ ಆರಂಭ. ಅದು 2007ರಲ್ಲಿ ಅಂಗೀಕಾರವಾಯಿತು. ದಕ್ಷಿಣ ಸ್ವೀಡನ್ನಿನ ಫೋಗೆಲ್‌ಸೊಂಗ್‌ನಲ್ಲಿ ಸ್ಯಾಂಡ್‌ಬಿಯನ್ ಹಂತದ ಮಟ್ಟ ಒಂದು ಫಾಸ್ಫೇಟ್ ಪದರದಿಂದ ಕೆಳಕ್ಕೆ 1.4 ಮೀಟರ್ ಅಂತರದಲ್ಲಿದೆ. ಸೂಚಕ ಗ್ರಾಪ್ಟೊಲೈಟ್ ಆದರೂ ಪೈಗೋಡಸ್ ಆನ್ಸೆರಿನಸ್ ವಲಯದೊಳಗೇ ಅದು ಬೀಳುವುದರಿಂದ, ಗ್ರಾಪ್ಟೊಲೈಟ್ ಸಿಗದ ಸುಣ್ಣಕಲ್ಲಿನಲ್ಲೂ ಅದನ್ನು ಹತ್ತಿರ ಹತ್ತಿರ ಗುರುತಿಸಲು ಬರುತ್ತದೆ.

ತಪ್ಪಿನ ಪ್ರಶ್ನೆ ಏಳಿಗೂ ತಳದಲ್ಲಿರುವ ಮಟ್ಟದ ವಿಷಯದಲ್ಲೇ ಎದ್ದಿದೆ. ಆರ್ಡೋವಿಷಿಯನ್ ಕಾಲದ ಆರಂಭವನ್ನು 2000ದಲ್ಲಿ ಕೆನಡಾದ ಪಶ್ಚಿಮ ನ್ಯೂಫೌಂಡ್‌ಲೆಂಡಿನ ಗ್ರೀನ್ ಪಾಯಿಂಟ್ ಎಂಬ ಕಡಲತೀರದಲ್ಲಿ, ಐಯಪೆಟೊಗ್ನಾಥಸ್ ಫ್ಲಕ್ಟಿವೇಗಸ್ ಎಂಬ ಕೊನೊಡಾಂಟ್ ಮೊದಲು ಸಿಕ್ಕ ಮಟ್ಟದಲ್ಲಿ ನಿಗದಿ ಮಾಡಿದರು. ಅದಕ್ಕಿಂತ 4.8 ಮೀಟರ್ ಮೇಲೆ ಅತಿ ಹಳೆಯ ತೇಲುವ ಗ್ರಾಪ್ಟೊಲೈಟ್‌ಗಳು ಕಾಣುತ್ತವೆ. 2012ರಲ್ಲಿ ಮೂವರು ತಜ್ಞರು ಆ ಮಾದರಿಗಳನ್ನು ಮರುಪರಿಶೀಲಿಸಿ, ಆ ಮಟ್ಟದಲ್ಲಿರುವುದು ಫ್ಲಕ್ಟಿವೇಗಸ್ ಅಲ್ಲ, ಅದೇ ಕುಲದ ಬೇರೆ ಪ್ರಭೇದ ಎಂದು ಬರೆದರು. ಮೂಲ ತೀರ್ಮಾನವನ್ನು ಬೆಂಬಲಿಸಿದವರು ಇದಕ್ಕೆ ಉತ್ತರವನ್ನೂ ಕೊಟ್ಟರು. ಅಮೆರಿಕದ ಯೂಟಾದ ಲಾಸನ್ ಕೋವ್‌ನ ಬಂಡೆಗಳನ್ನು ಪೂರಕ ಸೂಚಕ ಸ್ಥಳವಾಗಿ ಮುಂದಿಟ್ಟರು. ಮಿಲಿಮೀಟರಿನ ಭಾಗದಷ್ಟಿರುವ ಒಂದು ಹಲ್ಲಿನ ಗುರುತಿನ ಮೇಲೆ ಒಂದು ಇಡೀ ಕಾಲಖಂಡದ ಆರಂಭ ನಿಂತಾಗ ಇಂಥ ವಿವಾದ ಏಳುವುದು ಸಹಜ. ಇಲ್ಲಿ ನನಗೆ ಸಮಾಧಾನ ಕೊಡುವ ಸಂಗತಿಯೆಂದರೆ, ಬಂಡೆ ಅಲ್ಲೇ ಇದೆ, ಮಾದರಿಗಳು ಸಂಗ್ರಹಾಲಯಗಳಲ್ಲಿ ಇವೆ, ಪ್ರತಿಯೊಂದರ ಎತ್ತರವೂ ದಾಖಲೆಯಲ್ಲಿದೆ; ಆದ್ದರಿಂದ ಯಾರು ಬೇಕಾದರೂ ಹೋಗಿ ಮತ್ತೆ ನೋಡಬಹುದು.

ಪ್ರಶ್ನೆ: ಈ ಅಧ್ಯಯನಕ್ಕೆ ವಯಸ್ಸು ಹೇಳುವುದರಾಚೆ ಬೇರೆ ಉಪಯೋಗವಿದೆಯೇ? ಭಾರತದಲ್ಲಿ ಇಂಥ ಕೆಲಸ ನಡೆದಿದೆಯೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಉಪಯೋಗಗಳಲ್ಲಿ ಎರಡನ್ನು ಹೇಳುತ್ತೇನೆ. ಕೊನೊಡಾಂಟ್ ಹುಟ್ಟಿನಿಂದ ತಿಳಿ ಹಳದಿ ಬಣ್ಣದ್ದು. ಬಂಡೆ ನೆಲದಾಳದಲ್ಲಿ ಬಿಸಿಯಾದಂತೆ ಅದರೊಳಗಿನ ಸಾವಯವ ಅಂಶ ಇಂಗಾಲವಾಗುತ್ತ ಬಣ್ಣ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ, ಮತ್ತು ಮತ್ತೆ ತಣ್ಣಗಾದರೂ ಹಿಂದಿನ ಬಣ್ಣಕ್ಕೆ ಮರಳುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅನಿತಾ ಹ್ಯಾರಿಸ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಕಾಯಿಸಿ ನೋಡಿ, 1ರಿಂದ 5ರವರೆಗಿನ ಬಣ್ಣದ ಮಾಪಕವನ್ನು ಪ್ರಕಟಿಸಿದರು. 1 ಎಂದರೆ ಬಂಡೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿಲ್ಲ. 5 ಎಂದರೆ 300 ಡಿಗ್ರಿ ದಾಟಿದೆ. ಒಂದು ಪ್ರದೇಶದ ಬಂಡೆ ತೈಲ ಹುಟ್ಟುವಷ್ಟು ಬಿಸಿಯಾಗಿತ್ತೇ, ಅಥವಾ ತೈಲ ಸುಟ್ಟುಹೋಗುವಷ್ಟು ಬಿಸಿಯಾಗಿತ್ತೇ ಎಂಬುದನ್ನು ಬಾವಿ ಕೊರೆಯುವ ಮೊದಲೇ ಅಂದಾಜು ಮಾಡಲು ಇದು ನೆರವಾಯಿತು. ಎರಡನೆಯದು, ಕೊನೊಡಾಂಟ್ ಫಾಸ್ಫೇಟಿನಲ್ಲಿರುವ ಆಮ್ಲಜನಕದ ಐಸೊಟೋಪುಗಳು ಅಂದಿನ ಕಡಲ ನೀರಿನ ತಾಪಮಾನದ ಸುಳಿವು ಕೊಡುತ್ತವೆ. 2008ರಲ್ಲಿ ಪ್ರಕಟವಾದ ಇಂಥ ಅಳತೆಗಳು, ಆರ್ಡೋವಿಷಿಯನ್ ಆರಂಭದಲ್ಲಿ ಬಹಳ ಬಿಸಿಯಾಗಿದ್ದ ಉಷ್ಣವಲಯದ ಕಡಲು ಸುಮಾರು ಎರಡೂವರೆ ಕೋಟಿ ವರ್ಷಗಳಲ್ಲಿ ಇಂದಿನ ಸಮಭಾಜಕ ಕಡಲಿನ ಮಟ್ಟಕ್ಕೆ ತಣಿಯಿತೆಂದು ಸೂಚಿಸಿದವು. ಜೀವವೈವಿಧ್ಯ ಮಹಾಪ್ರಮಾಣದಲ್ಲಿ ಹೆಚ್ಚಿದ್ದು ಅದರ ಹಿಂದೆಯೇ. ಕಾಲದ ಕೊನೆಗೆ ಗೊಂಡ್ವಾನದ ಮೇಲೆ ಹಿಮದ ಹಾಳೆಗಳು ಹರಡಿದಾಗ ಕಡಲ ಪ್ರಭೇದಗಳಲ್ಲಿ ಶೇ 85ರಷ್ಟು ಅಳಿದುಹೋದವೆಂದು ಅಂದಾಜು.

ಭಾರತದಲ್ಲಿ ಇದಕ್ಕೆ ಹಿಮಾಲಯವೇ ನೆಲೆ. ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿ ಫರ್ಡಿನಾಂಡ್ ಸ್ಟೊಲಿಕ್ಜ್ಕಾ 1860ರ ದಶಕದಲ್ಲಿ ಓಡಾಡಿ ಪದರಗಳನ್ನು ವಿಂಗಡಿಸಿದರು, ಎಚ್. ಎಚ್. ಹೇಡನ್ 1904ರಲ್ಲಿ ಅಲ್ಲಿನ ಭೂವಿಜ್ಞಾನವನ್ನು ವಿವರವಾಗಿ ಪ್ರಕಟಿಸಿದರು. ಮಧ್ಯ ಹಿಮಾಲಯದ ಆರ್ಡೋವಿಷಿಯನ್ ಮತ್ತು ಸೈಲೂರಿಯನ್ ಪಳೆಯುಳಿಕೆಗಳನ್ನು ಕೂಪರ್ ರೀಡ್ 1912ರಲ್ಲಿ ವರ್ಣಿಸಿದರು. ಅವರ ಕೈಗೆ ಸಿಕ್ಕದ್ದು ಚಿಪ್ಪು, ಹವಳಗಳಂಥ ದೊಡ್ಡ ಪಳೆಯುಳಿಕೆಗಳು. ಪಿನ್ ಕಣಿವೆಯ ಸುಣ್ಣಕಲ್ಲಿನಿಂದ ಕೊನೊಡಾಂಟ್‌ಗಳು, ಹಿಮಾಲಯದ ಈ ಪಟ್ಟಿಯ ಬಂಡೆಗಳಿಂದ ಅಕ್ರಿಟಾರ್ಕ್ ಮತ್ತು ಕೈಟಿನೊಜೋವನ್‌ಗಳು ಹೊರಬಂದದ್ದು ಬಹಳ ಈಚಿನ ದಶಕಗಳಲ್ಲಿ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಮತ್ತು ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ, ಇವೆರಡರ ಸಂಶೋಧನಾ ಅವಕಾಶಗಳನ್ನು ನೀವು ವಿಚಾರಿಸಬಹುದು. ಸ್ಪಿತಿಯಂಥ ಮಡಿಚಿದ, ಮುರಿದ ಬೆಟ್ಟಗಳಲ್ಲಿ ಕೆಲಸ ಮಾಡುವಾಗ ಮಾದರಿಯನ್ನು ಚೀಲಕ್ಕೆ ಹಾಕುವ ಮೊದಲು ಅದು ಸಿಕ್ಕ ಪದರದ ಎತ್ತರವನ್ನು, ಪದರ ಯಾವ ಕಡೆಗೆ ಎಷ್ಟು ಓರೆಯಾಗಿದೆ ಎಂಬುದನ್ನು, ಅದು ಮಗುಚಿಕೊಂಡಿದೆಯೇ ಎಂಬುದನ್ನು ಬರೆದುಕೊಳ್ಳಿ. ಆ ಮೂರು ಇಲ್ಲದ ಕೊನೊಡಾಂಟ್ ಎಷ್ಟೇ ಸುಂದರವಾಗಿದ್ದರೂ ಪದರಗಳನ್ನು ತಾಳೆ ಹಾಕುವ ಕೆಲಸಕ್ಕೆ ಬರುವುದಿಲ್ಲ.